‘ಹ’ ಅಲ್ಲ, ‘ಹೊ’

ನಮ್ಮ ಅಕ್ಕನಿಗೆ ಈಗ ಎಂಬತ್ತೊಂದು. ಹೊಳೆನರಸೀಪುರಕ್ಕೆ ಸೊಸೆಯಾಗಿ ಹೋಗಿ ಅರವತ್ತು ವರ್ಷ ದಾಟಿತು. ಹೋದ ವರ್ಷ ದೀಪಾವಳಿ ಕಳೆದು ನಾಲ್ಕೈದು ದಿನವಾಗಿರಬೇಕು, ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತವಳ ಕೈಯಿಂದ ಲೋಟ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಏಳಲಿಲ್ಲ. ಲಕ್ವ. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ ಅಂದರು ಡಾಕ್ಟರು. ಕೈಕಾಲು ಮೂರು ತಿಂಗಳಲ್ಲಿ ಸುಮಾರಾಗಿ ಹಿಡಿತಕ್ಕೆ ಬಂತು. ಬರದೆ ಉಳಿದದ್ದು ಮಾತು.

ಹೀಗಾದವರನ್ನು ನೋಡಿದ ಅಜ್ಜ ಅಜ್ಜಿಯರಿಗೆ ಗೊತ್ತಿರುತ್ತದೆ, ಮಕ್ಕಳಿಗೆ ಹೇಳುತ್ತೇನೆ. ಅಕ್ಕನಿಗೆ ನಾನು ಯಾರು ಅನ್ನುವುದು ಗೊತ್ತು. ಚಮಚ ತೋರಿಸಿದರೆ ಅದು ಯಾತಕ್ಕೆ ಅನ್ನುವುದೂ ಗೊತ್ತು, ಕೈಯಲ್ಲಿ ಕಲಕಿ ತೋರಿಸುತ್ತಾಳೆ. ‘ಚಮಚ’ ಅನ್ನುವ ಪದ ಮಾತ್ರ ನಾಲಿಗೆಗೆ ಬರುವುದಿಲ್ಲ. “ಅದು… ಅದು…” ಅನ್ನುತ್ತಾಳೆ, ಆಮೇಲೆ ಸಿಟ್ಟು ಬರುತ್ತದೆ, ಮುಖ ಆ ಕಡೆ ತಿರುಗಿಸಿಬಿಡುತ್ತಾಳೆ. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಇದು ಮರೆವಲ್ಲ. ಪದ ಒಳಗೇ ಇದೆ, ಹೊರಗೆ ಬರುವ ದಾರಿ ಮುಚ್ಚಿಕೊಂಡಿದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಿಮಗೆ ಗೊತ್ತಿರಬಹುದು. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವವರು ಅಲ್ಲಿ ಓದಿ ತಯಾರಾಗುತ್ತಾರೆ. ಹಾಗೆ ಓದಿದ ಒಬ್ಬ ಹುಡುಗಿ ಅಕ್ಕನನ್ನು ನೋಡಿ ನಮಗೆ ಹೇಳಿಕೊಟ್ಟದ್ದು ಇಷ್ಟು: “ಪೂರ್ತಿ ಪದ ನೀವು ಹೇಳಬೇಡಿ ಸರ್. ಮೊದಲನೇ ಅಕ್ಷರ ಕೊಡಿ, ಕಾಯಿರಿ. ಬರದಿದ್ದರೆ ಎರಡನೇ ಅಕ್ಷರ ಸೇರಿಸಿ, ಮತ್ತೆ ಕಾಯಿರಿ. ಅವರೇ ಹೇಳಬೇಕು.”

ಹೇಳುವುದಕ್ಕೆ ಸುಲಭ. ನಾವಿರುವುದು ಹಾಸನದಲ್ಲಿ. ಅಕ್ಕನ ಮಗ ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಡುವವರು. ದಿನಾ ಕೂತು ಅಕ್ಷರ ಕೊಟ್ಟು ಕಾಯುವವರು ಯಾರು? ಆಗ ಪಿಯುಸಿ ಮೊದಲ ವರ್ಷದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ನನ್ನ ಮೊಮ್ಮಗಳು, “ತಾತ, ಇದನ್ನ ನಾನು ಪ್ರೋಗ್ರಾಮ್ ಮಾಡ್ತೀನಿ” ಅಂದಳು. ಪರದೆಯ ಮೇಲೆ ಒಂದು ಫೋಟೋ. ಕೆಳಗೆ ಒಂದು ದಪ್ಪ ಗುಂಡಿ. ಒತ್ತಿದರೆ ಮೊದಲ ಅಕ್ಷರ ಬರುತ್ತದೆ, ಉಳಿದದ್ದಕ್ಕೆ ಚುಕ್ಕಿ. ಮತ್ತೆ ಒತ್ತಿದರೆ ಇನ್ನೊಂದು ಅಕ್ಷರ. ದೊಡ್ಡಜ್ಜಿ ಎಡಗೈಯಲ್ಲಿ ತಾನೇ ಒತ್ತಿಕೊಳ್ಳಬಹುದು. ಅವಳು ಭಾನುವಾರಕ್ಕೆ ಮಾಡಿಯೂ ಮುಗಿಸಿದಳು. ನಮ್ಮ ಮನೆಯಲ್ಲಿ ‘ಕಮಲ’ ಹಾಕಿ ನೋಡಿದೆವು, ಸರಿ ಬಂತು. ನಾವು ಹುಟ್ಟಿದ ತಾಲ್ಲೂಕು ‘ಅರಕಲಗೂಡು’ ಹಾಕಿ ಗುಂಡಿ ಒತ್ತಿದೆವು. ಅ, ಅರ, ಅರಕ, ಚೆನ್ನಾಗಿಯೇ ಬಂತು. ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಬಸ್ಸು ಹತ್ತಿದೆವು.

ಹೊಳೆನರಸೀಪುರದಲ್ಲಿ ಅಕ್ಕನ ಮುಂದೆ ಇಟ್ಟ ಮೊದಲ ಫೋಟೋ ಅವಳ ಊರಿನದೇ, ಹೇಮಾವತಿ ಹೊಳೆಯ ದಂಡೆಯದು. ಅಕ್ಕ ಗುಂಡಿ ಒತ್ತಿದಳು. ಪರದೆಯ ಮೇಲೆ ‘ಹ’ ಬಂತು. ಅಕ್ಕ ಬಹಳ ಹೊತ್ತು ನೋಡಿ, ನಿಧಾನವಾಗಿ, “ಹಾ… ಹಾಸನ” ಅಂದಳು. ಅಲ್ಲ ಅಂತ ನಾವೆಲ್ಲ ತಲೆ ಆಡಿಸಿದೆವು. ಎರಡನೆಯ ಫೋಟೋ ಹಾಸನಾಂಬ ದೇವಸ್ಥಾನದ್ದು, ವರ್ಷಕ್ಕೊಂದು ಸಲ ದೀಪಾವಳಿ ಆಸುಪಾಸಿನಲ್ಲಿ ಕೆಲವೇ ದಿನ ಬಾಗಿಲು ತೆಗೆಯುತ್ತದಲ್ಲ, ಅದೇ. ಪದ ‘ಹಾಸನ’. ಅಕ್ಕ ಒತ್ತಿದಳು. ಮತ್ತೆ ‘ಹ’. ಅವಳು ಒಂದು ಸಲ ಪರದೆ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು, ಟ್ಯಾಬನ್ನು ಎಡಗೈಯಿಂದ ಮೆಲ್ಲಗೆ ಆಚೆ ತಳ್ಳಿದಳು.

ತಪ್ಪು ಅವಳದಲ್ಲ. ಅವಳ ಮುಂದೆ ಇಟ್ಟದ್ದೇ ತಪ್ಪು. ಹೊಳೆನರಸೀಪುರದ ಮೊದಲ ಅಕ್ಷರ ‘ಹೊ’, ಹಾಸನದ್ದು ‘ಹಾ’. ಎರಡಕ್ಕೂ ‘ಹ’ ಕೊಟ್ಟರೆ ಆರೋಗ್ಯವಾಗಿರುವ ನಾನೇ ತಡವರಿಸುತ್ತೇನೆ.

“ಇದೇನೇ ಪುಟ್ಟಿ, ಕೊಂಬು ಎಲ್ಲಿ ಹೋಯ್ತು?”

“ಪೈಥಾನ್ ಹಾಗೇ ಕೊಯ್ಯುತ್ತೆ ತಾತ. ಅದಕ್ಕೆ ‘ಹ’ ಒಂದು, ಆಮೇಲೆ ಬರೋ ಗುರುತು ಇನ್ನೊಂದು.”

ವಾಪಸು ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ನಾನೇ, “ನನಗೆ ಮೊದಲಿನಿಂದ ಹೇಳು” ಅಂದೆ. ನಾನು ಬಿಕಾಂ, ಮೂವತ್ತೈದು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದವನು. ಅವಳು ಹೇಳಿದ್ದು ನನಗೆ ಅರ್ಥವಾದ ಹಾಗೆ ನಿಮಗೆ ದಾಟಿಸುತ್ತೇನೆ.

ಪೈಥಾನ್ ಅಂದರೆ ಹೆಬ್ಬಾವಲ್ಲ ಮಕ್ಕಳೇ. ಗೀಡೊ ವಾನ್ ರಾಸಮ್ ಅನ್ನುವ ಡಚ್ ಪ್ರೋಗ್ರಾಮರ್ 1991ರಲ್ಲಿ ಹೊರಗೆ ಬಿಟ್ಟ ಕಂಪ್ಯೂಟರ್ ಭಾಷೆ ಅದು. ಹೆಸರಿಟ್ಟದ್ದು ಇಂಗ್ಲೆಂಡಿನ ‘ಮಾಂಟಿ ಪೈಥಾನ್’ ಎಂಬ ಹಾಸ್ಯ ತಂಡದ ಮೇಲೆ. ಅದರಲ್ಲಿ ಒಂದು ಸಾಲಿನ ವಸ್ತುಗಳಿಂದ ತುಂಡು ತೆಗೆಯುವುದಕ್ಕೆ ಸ್ಲೈಸ್ ಅನ್ನುತ್ತಾರೆ. ನಾವು ಹೋಳು ಅನ್ನೋಣ. ಪದ[0:2] ಅಂತ ಬರೆದರೆ ಪದದ ಮೊದಲ ಎರಡು ತುಂಡು. ಪದ[:1] ಅಂದರೆ ಮೊದಲನೆಯದು ಮಾತ್ರ. ಪದ[2:] ಅಂದರೆ ಎರಡನ್ನು ಬಿಟ್ಟು ಉಳಿದದ್ದೆಲ್ಲ. ಪದ[-2:] ಅಂದರೆ ಕೊನೆಯ ಎರಡು. ಪದ[::-1] ಅಂದರೆ ಪೂರ್ತಿ ಹಿಂದುಮುಂದು.

ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಹುಟ್ಟಿದ ಮಗುವಿಗೆ ಮೊದಲ ವರ್ಷವೆಲ್ಲ ಸೊನ್ನೆ ವಯಸ್ಸು ಅಲ್ಲವೇ, ಹಾಗೆ. ಅದು ಸರಿ, ಆದರೆ [0:2] ಅಂದಾಗ 0, 1, 2 ಅಂತ ಮೂರು ಬರಬೇಕಲ್ಲ, ಎರಡೇ ಯಾಕೆ? ಮೊಮ್ಮಗಳು, “ಕೊನೇದು ಸೇರಲ್ಲ ತಾತ, ರೂಲು” ಅಂದಳು. ನನಗೆ ಇದು ರೂಲು ಅನ್ನಿಸಲಿಲ್ಲ, ಹಳೆಯ ಪರಿಚಯ ಅನ್ನಿಸಿತು. ಜೂನ್ 5ಕ್ಕೆ ಇಟ್ಟ ಹಣವನ್ನು 12ಕ್ಕೆ ತೆಗೆದರೆ ಬ್ಯಾಂಕಿನಲ್ಲಿ ಎಷ್ಟು ದಿನದ ಬಡ್ಡಿ? ಏಳು. ಇಟ್ಟ ದಿನ ಸೇರುತ್ತದೆ, ತೆಗೆದ ದಿನ ಸೇರುವುದಿಲ್ಲ. ಹನ್ನೆರಡರಲ್ಲಿ ಐದು ಕಳೆ, ಮುಗಿಯಿತು. 12ಕ್ಕೆ ತೆಗೆದು ಅವತ್ತೇ ಮತ್ತೆ ಇಟ್ಟರೆ ಹೊಸ ಲೆಕ್ಕ 12ರಿಂದಲೇ ಶುರು, ಒಂದು ದಿನವೂ ಎರಡು ಸಲ ಸೇರುವುದಿಲ್ಲ, ಒಂದು ದಿನವೂ ಬಿಟ್ಟುಹೋಗುವುದಿಲ್ಲ. ಡೈಕ್‌ಸ್ಟ್ರಾ ಅನ್ನುವ ಡಚ್ ವಿಜ್ಞಾನಿ 1982ರಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದು ಸೊನ್ನೆಯಿಂದ ಎಣಿಸುವುದನ್ನೂ ಕೊನೆಯದನ್ನು ಬಿಡುವುದನ್ನೂ ವಾದ ಮಾಡಿ ಸಮರ್ಥಿಸಿದನಂತೆ. ಬ್ಯಾಂಕಿನ ಗುಮಾಸ್ತರನ್ನು ಕೇಳಿದ್ದರೆ ವಾದವಿಲ್ಲದೆ ಒಪ್ಪುತ್ತಿದ್ದರು.

ಇನ್ನೊಂದು ಹೋಳಿನ ಕಥೆಯನ್ನೂ ಹೇಳಿಬಿಡುತ್ತೇನೆ, ಅಜ್ಜ ಅಜ್ಜಿಯರಿಗೆ ನೆನಪಾಗುತ್ತದೆ. ಉಳಿತಾಯ ಖಾತೆಗೆ ಬಡ್ಡಿ ಲೆಕ್ಕ ಹಾಕುವಾಗ ಹಿಂದೆ ಒಂದು ನಿಯಮವಿತ್ತು: ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಯಾವತ್ತು ಅತಿ ಕಡಿಮೆ ಹಣವಿತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಆಲೂಗಡ್ಡೆ ಮಾರಿದ ದುಡ್ಡನ್ನು ರೈತ 11ಕ್ಕೆ ತಂದು ಕಟ್ಟಿದನೋ, ಆ ತಿಂಗಳು ಅದಕ್ಕೆ ಬಡ್ಡಿ ಇಲ್ಲ. “ನಿನ್ನೆ ಬಂದಿದ್ದರೆ ಸಿಗ್ತಿತ್ತು” ಅಂತ ಹೇಳಬೇಕಾಗಿ ಬಂದಾಗಲೆಲ್ಲ ನನಗೆ ಮುಜುಗರವಾಗುತ್ತಿತ್ತು. ಒಂದು ಸಲ ಕಣ್ತಪ್ಪಿ 11ರಿಂದ ನೋಡಿ ಒಬ್ಬರಿಗೆ ನಾಲ್ಕು ಸಾವಿರಕ್ಕೆ ಒಂದು ತಿಂಗಳ ಬಡ್ಡಿ ಜಾಸ್ತಿ ಕೊಟ್ಟಿದ್ದೆ. ಆಗ ನೂರಕ್ಕೆ ಐದರ ದರ, ಹದಿನಾರು ರೂಪಾಯಿ ಚಿಲ್ಲರೆ. ತಪಾಸಣೆಯವರು ಹಿಡಿದರು, ನಾನು ಜೇಬಿನಿಂದ ಕಟ್ಟಿದೆ. 2010ರ ಏಪ್ರಿಲ್ 1ರಿಂದ ಎಲ್ಲ ಬ್ಯಾಂಕುಗಳೂ ದಿನದಿನದ ಬಾಕಿಯ ಮೇಲೆ ಬಡ್ಡಿ ಕೊಡಲು ಶುರುಮಾಡಿದವು. ಅದೇ ವರ್ಷ ನಾನೂ ನಿವೃತ್ತನಾದೆ. ಮೊಮ್ಮಗಳು ಇದನ್ನೆಲ್ಲ ಕೇಳಿ ತನ್ನ ಭಾಷೆಯಲ್ಲಿ ಬರೆದು ತೋರಿಸಿದಳು: ಬಾಕಿ[9:], ಅದರಲ್ಲಿ ಕನಿಷ್ಠ. ಅಷ್ಟೇ. ಸೊನ್ನೆಯಿಂದ ಎಣಿಸಿದರೆ ಹತ್ತನೇ ತಾರೀಖು ಒಂಬತ್ತನೆಯದು. ನನ್ನ ಹದಿನಾರು ರೂಪಾಯಿ ಹೋದದ್ದು [10:] ಅಂತ ಬರೆದದ್ದಕ್ಕೆ.

ಇರಲಿ, ‘ಹೊ’ಗೆ ಬರೋಣ.

ಕಂಪ್ಯೂಟರುಗಳು ಕನ್ನಡವನ್ನು ಇಟ್ಟುಕೊಳ್ಳುವುದು ಯೂನಿಕೋಡ್ ಎಂಬ ಪಟ್ಟಿಯ ಪ್ರಕಾರ. ಅದರಲ್ಲಿ ಸ್ವರಕ್ಕೊಂದು, ವ್ಯಂಜನಕ್ಕೊಂದು ನಂಬರು. ಜೊತೆಗೆ ಇಳಿ, ಕೊಂಬು, ಗುಡಿಸು, ದೀರ್ಘ ಇಂಥ ಪ್ರತಿ ಗುರುತಿಗೂ ಬೇರೆ ನಂಬರು. ಒತ್ತಕ್ಷರ ಬರಬೇಕಾದರೆ ನಡುವೆ ‘್’ ಅನ್ನುವ ವಿರಾಮ ಚಿಹ್ನೆ, ಅದಕ್ಕೂ ಒಂದು ನಂಬರು. ಹೀಗಾಗಿ ‘ಹಾಸನ’ ನಮಗೆ ಮೂರು ಅಕ್ಷರ, ಪೈಥಾನಿಗೆ ನಾಲ್ಕು. ‘ಅರಕಲಗೂಡು’ ನಮಗೆ ಆರು, ಅದಕ್ಕೆ ಎಂಟು. ‘ಹೊಳೆನರಸೀಪುರ’ ನಮಗೆ ಏಳು, ಅದಕ್ಕೆ ಹನ್ನೊಂದು. ‘ಚನ್ನರಾಯಪಟ್ಟಣ’ವೂ ನಮಗೆ ಏಳೇ, ಅದಕ್ಕೆ ಮಾತ್ರ ಹನ್ನೆರಡು. ಹೊಳೆನರಸೀಪುರದ ದೇವರು ಲಕ್ಷ್ಮೀನರಸಿಂಹ. ಅದರಲ್ಲಿ ‘ಕ್ಷ್ಮೀ’ ಅನ್ನುವ ಒಂದೇ ಅಕ್ಷರಕ್ಕೆ ಆರು ನಂಬರು ಬೇಕು. ಹೆಸರನ್ನು [:2] ಅಂತ ಕೊಯ್ದರೆ ‘ಲಕ’ ಅಂತ ಸಿಗುತ್ತದೆ. ಯಾವ ದೇವರು ಅದು?

ನಮ್ಮ ಪರೀಕ್ಷೆಯಲ್ಲಿ ತಪ್ಪು ಯಾಕೆ ಸಿಗಲಿಲ್ಲ ಅಂತಲೂ ಆಗ ಗೊತ್ತಾಯಿತು. ‘ಕಮಲ’ದಲ್ಲಿ ಯಾವ ಗುರುತೂ ಇಲ್ಲ. ‘ಅರಕಲಗೂಡು’ವಿನಲ್ಲಿ ಮೊದಲ ನಾಲ್ಕೂ ಬೋಳು ಅಕ್ಷರ, ಗುರುತು ಬರುವುದೇ ಐದನೆಯದಕ್ಕೆ, ನಾವು ಮೂರಕ್ಕೇ ನಿಲ್ಲಿಸಿದ್ದೆವು. ನಿಮ್ಮಲ್ಲಿ ಯಾರಾದರೂ ಪ್ರೋಗ್ರಾಮ್ ಬರೆಯುವವರಿದ್ದರೆ ಸುಲಭದ ಪದ ಹಾಕಿ ಖುಷಿಪಡಬೇಡಿ, ‘ಲಕ್ಷ್ಮೀ’ ಹಾಕಿ ನೋಡಿ.

ಕಿತ್ತಳೆಯನ್ನು ಚಾಕುವಿನಲ್ಲಿ ಅಡ್ಡ ಕೊಯ್ದರೆ ತೊಳೆಗಳು ಒಡೆದು ರಸ ಸೋರುತ್ತದೆ. ಬಿಡಿಸಿದರೆ ತೊಳೆ ತೊಳೆಯಾಗಿ ಬರುತ್ತದೆ. ಕನ್ನಡ ಪದವೂ ಹಾಗೆ, ಅದನ್ನು ತೊಳೆ ಬಿಡಿಸಬೇಕು. ಈ ಪತ್ರಿಕೆಯ ಮಕ್ಕಳಿಗೆ ಇದು ಹೊಸದಲ್ಲ. ಪದಬಂಧ ತುಂಬುವಾಗ ಒಂದು ಮನೆಗೆ ಏನು ಬರೆಯುತ್ತೀರಿ? ‘ಕ್ಷ್ಮೀ’ ಪೂರ್ತಿ ಒಂದೇ ಮನೆಗೆ. ‘ಕ’ ಒಂದರಲ್ಲಿ, ವಿರಾಮ ಚಿಹ್ನೆ ಇನ್ನೊಂದರಲ್ಲಿ ಅಂತ ಯಾರೂ ಬರೆಯುವುದಿಲ್ಲ. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಸಿಕ್ಕಿದೆ, ಐದನೇ ಶತಮಾನದ್ದು ಅನ್ನುತ್ತಾರೆ. ಅದನ್ನು ಕೆತ್ತಿದವನಿಗೂ ಒಂದು ಅಕ್ಷರ ಎಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತಿತ್ತು.

ಹಾಗಾದರೆ ಕಂಪ್ಯೂಟರಿಗೆ ಹೇಗೆ ಹೇಳುವುದು? ಇಬ್ಬರೂ ಕೂತು ನಿಯಮ ಬರೆದೆವು, ಇದರಲ್ಲಿ ನನ್ನ ಪಾಲೂ ಇದೆ ಅಂತ ಹೆಮ್ಮೆಯಿಂದ ಹೇಳುತ್ತೇನೆ. ಪದವನ್ನು ಎಡದಿಂದ ಓದುತ್ತಾ ಹೋಗು. ಬಂದದ್ದು ಸ್ವರದ ಗುರುತೋ, ವಿರಾಮ ಚಿಹ್ನೆಯೋ, ಅನುಸ್ವಾರವೋ, ವಿಸರ್ಗವೋ ಆಗಿದ್ದರೆ ಹಿಂದಿನ ತೊಳೆಗೇ ಅಂಟಿಸು. ಬಂದದ್ದು ವ್ಯಂಜನ, ಹಿಂದಿನ ತೊಳೆ ವಿರಾಮ ಚಿಹ್ನೆಯಲ್ಲಿ ಮುಗಿದಿದೆ ಅಂದರೆ ಅದು ಒತ್ತು, ಅದನ್ನೂ ಅಂಟಿಸು. ಉಳಿದ ಎಲ್ಲದಕ್ಕೂ ಹೊಸ ತೊಳೆ. ಇಷ್ಟಕ್ಕೇ ‘ಚ, ನ್ನ, ರಾ, ಯ, ಪ, ಟ್ಟ, ಣ’ ಅಂತ ಏಳು ತೊಳೆ ಬಿಡಿಸಿಕೊಂಡು ಬಂತು. ಅರಕಲಗೂಡಿನ ಅರ್ಕೇಶ್ವರ ದೇವರ ಹೆಸರು ಹಾಕಿದೆವು. ಅಲ್ಲಿ ಅರ್ಕಾವೊತ್ತು ಇದೆ, ಬರೆಯುವಾಗ ‘ಕೇ’ ಆದ ಮೇಲೆ ಬರುತ್ತದೆ, ಕಂಪ್ಯೂಟರಿನ ಒಳಗೆ ಮಾತ್ರ ‘ರ’ ಮೊದಲೇ ಕೂತಿರುತ್ತದೆ. ನನಗೆ ಅಲ್ಲಿ ಭಯವಿತ್ತು. ‘ಅ, ರ್ಕೇ, ಶ್ವ, ರ’, ನಾಲ್ಕೇ ತೊಳೆ, ಸರಿಯಾಗಿ ಬಂತು.

ತೊಳೆ ಬಿಡಿಸುವುದು ಅರ್ಧ ಕೆಲಸ ಅಂತ ನನಗೆ ಗೊತ್ತಾದದ್ದು ಆಮೇಲೆ. ಅವಳ ಮೊದಲ ಪ್ರೋಗ್ರಾಮಿನಲ್ಲಿ ಹತ್ತಾರು ಕಡೆ ಪದ[:ಇಷ್ಟು], ಪದ[ಇಷ್ಟು:] ಅಂತ ಬರೆದಾಗಿತ್ತು. ಅದನ್ನೆಲ್ಲ ಕೆಡವಿ ಕಟ್ಟುವ ಬದಲು, ಅದೇ ಚೌಕ ಆವರಣದ ಪ್ರಶ್ನೆ ಕೇಳಿದರೆ ಅಕ್ಷರದ ಲೆಕ್ಕದಲ್ಲಿ ಉತ್ತರ ಕೊಡುವ ಹೊಸ ಬಗೆಯ ವಸ್ತುವನ್ನೇ ಮಾಡಿದರೆ? ಪೈಥಾನಿನಲ್ಲಿ ಹೀಗೆ ಸ್ವಂತ ಬಗೆ ಮಾಡುವುದಕ್ಕೆ ಕ್ಲಾಸ್ ಅನ್ನುತ್ತಾರೆ. ಕ್ಲಾಸ್ ಅಂದರೆ ಖಾಲಿ ಖಾತೆ ಫಾರಂ ಇದ್ದ ಹಾಗೆ, ಅದನ್ನು ತುಂಬಿ ತೆರೆದ ಒಂದೊಂದು ಖಾತೆಯೂ ಒಂದೊಂದು ವಸ್ತು. ಅವಳು ಇದಕ್ಕೆ ‘ಅಕ್ಷರಮಾಲೆ’ ಅಂತ ಹೆಸರಿಟ್ಟಳು, ಅದೂ ಕನ್ನಡ ಲಿಪಿಯಲ್ಲೇ. 2008ರಲ್ಲಿ ಬಂದ ಪೈಥಾನ್ 3ರಿಂದ ಹೆಸರುಗಳನ್ನು ಕನ್ನಡದಲ್ಲೂ ಬರೆಯಬಹುದು. ಗೊತ್ತಿರಲಿಲ್ಲ, ಕೇಳಿ ಸಂತೋಷವಾಯಿತು.

ಈ ಚೌಕ ಆವರಣದ ಪ್ರಶ್ನೆ ಬಂದಾಗ ಪೈಥಾನ್ ಏನು ಮಾಡುತ್ತದೆ ಗೊತ್ತೇ? ಆ ಕ್ಲಾಸಿನಲ್ಲಿ ‘__ಗೆಟ್‌ಐಟಂ__’ ಅನ್ನುವ, ಹಿಂದೆ ಮುಂದೆ ಎರಡೆರಡು ಅಡಿಗೆರೆ ಇರುವ ಒಂದು ಕೆಲಸಗಾರನಿದ್ದಾನೆಯೇ ಅಂತ ಹುಡುಕುತ್ತದೆ. ಇದ್ದರೆ ಪ್ರಶ್ನೆಯನ್ನು ಅವನ ಕೈಗೆ ಕೊಡುತ್ತದೆ. ಇಲ್ಲದಿದ್ದರೆ, ಇದರಿಂದ ತುಂಡು ತೆಗೆಯಲು ಬರುವುದಿಲ್ಲ ಅಂತ ಬೈದು ನಿಲ್ಲಿಸುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತ ಗುಮಾಸ್ತ ಅಂದುಕೊಳ್ಳಿ. ಪದ[3] ಅಂತ ಕೇಳಿದರೆ ಅವನ ಕೈಗೆ ಬರುವುದು ಬರೀ 3, ನಾವು ಹಿಂದೆ ಕೊಡುತ್ತಿದ್ದ ಹಿತ್ತಾಳೆ ಟೋಕನ್ ಇದ್ದ ಹಾಗೆ, ಅದರ ಮೇಲೆ ಒಂದೇ ನಂಬರು. ಪದ[0:2] ಅಂತ ಕೇಳಿದರೂ ಅದೇ ಕೌಂಟರು, ಅದೇ ಗುಮಾಸ್ತ. ಆದರೆ ಈಗ ಕೈಗೆ ಬರುವುದು ಟೋಕನ್ ಅಲ್ಲ, ಒಂದು ಚೀಟಿ. ಅದರಲ್ಲಿ ಮೂರು ಕಾಲಂ: ಎಲ್ಲಿಂದ, ಎಲ್ಲಿಯವರೆಗೆ, ಎಷ್ಟೆಷ್ಟು ಬಿಟ್ಟು. ತುಂಬದ ಕಾಲಂ ಖಾಲಿ ಇರುತ್ತದೆ. ಪೈಥಾನಿನಲ್ಲಿ ಈ ಚೀಟಿಯ ಹೆಸರೇ ಸ್ಲೈಸ್. ಹಳೆಯ ಪೈಥಾನ್ 2ರಲ್ಲಿ ಚೀಟಿಗೆ ಬೇರೆ ಗುಮಾಸ್ತನಿದ್ದನಂತೆ, 3ರಲ್ಲಿ ಆ ಹುದ್ದೆ ತೆಗೆದು ಎಲ್ಲವನ್ನೂ ಒಬ್ಬನ ತಲೆಗೇ ಕಟ್ಟಿದ್ದಾರೆ. ಬ್ಯಾಂಕಿನಲ್ಲೂ ಹೀಗೇ ಆಯಿತು, ಆ ಮಾತು ಬೇಡ.

ಮೊಮ್ಮಗಳ ಮೊದಲ ಗುಮಾಸ್ತನಿಗೆ ಟೋಕನ್ ಮಾತ್ರ ಗೊತ್ತಿತ್ತು. ಬಂದದ್ದು ಸೊನ್ನೆಗಿಂತ ಕಡಿಮೆಯೇ ಅಂತ ಮೊದಲು ನೋಡು ಅಂತ ಅವಳು ಬರೆದಿದ್ದಳು. ಪದ[0] ಕೇಳಿದಾಗ ‘ಹೊ’ ಅಂತ ಬಂದು ಇಬ್ಬರೂ ಚಪ್ಪಾಳೆ ಹೊಡೆದೆವು. ಪದ[:1] ಕೇಳಿದೊಡನೆ ಪರದೆ ತುಂಬ ಕೆಂಪು ಅಕ್ಷರ. ಸ್ಲೈಸನ್ನೂ ಸಂಖ್ಯೆಯನ್ನೂ ಹೋಲಿಸಿ ಇದು ಕಡಿಮೆ ಅದು ಹೆಚ್ಚು ಅನ್ನಲು ಆಗುವುದಿಲ್ಲ ಅಂತ ಅದರ ತಕರಾರು. ಸರಿಯೇ ಅಲ್ಲವೇ, ಚೀಟಿಯನ್ನು ಹಿಡಿದು ಇದು ಸೊನ್ನೆಗಿಂತ ಚಿಕ್ಕದೋ ದೊಡ್ಡದೋ ಅಂದರೆ ಯಾರು ಹೇಳಿಯಾರು? ಅದಕ್ಕೆ ಬಂದದ್ದು ಚೀಟಿಯೋ ಟೋಕನ್ನೋ ಅಂತ ಮೊದಲೇ ವಿಚಾರಿಸಬೇಕು. ಚೀಟಿಯಾದರೆ ಒಳಗೆ ಬಿಡಿಸಿಟ್ಟ ತೊಳೆಗಳ ಲಿಸ್ಟಿಗೇ ಆ ಚೀಟಿಯನ್ನು ದಾಟಿಸಿದರಾಯಿತು, ಲಿಸ್ಟಿಗೆ ಹೋಳು ಮಾಡುವುದು ಹುಟ್ಟಿನಿಂದಲೇ ಗೊತ್ತು.

ಸರಿಮಾಡಿದಳು. ಈಗ ‘ಹೊ’ ಬಂತು, ಆದರೆ ಚೌಕ ಆವರಣ, ಉದ್ಧರಣ ಚಿಹ್ನೆ ಎಲ್ಲವನ್ನೂ ಹೊದ್ದುಕೊಂಡು ಬಂತು. ಗುಮಾಸ್ತ ಲಿಸ್ಟನ್ನು ಹಾಗೇ ತಂದು ಕೌಂಟರಿನ ಮೇಲೆ ಇಟ್ಟಿದ್ದ. ಇದನ್ನು ಅಕ್ಕನಿಗೆ ತೋರಿಸುವುದುಂಟೇ. “ತೊಳೆಗಳನ್ನ ಸೇರಿಸಿ ಮಾಮೂಲಿ ಪದ ಮಾಡಿ ಕೊಡ್ತೀನಿ” ಅಂದಳು. ಕೊಟ್ಟಳು. ‘ಹೊ’ ನೀಟಾಗಿ ಬಂತು. ಎರಡನೇ ಸಲ ಒತ್ತಿದರೆ ‘ಹೊಳ’!

ಇದಕ್ಕೆ ಅರ್ಧ ಗಂಟೆ ತಲೆ ಕೆಡಿಸಿಕೊಂಡೆವು. ಮೊದಲನೆಯದು ಸರಿ, ಎರಡನೆಯದು ಯಾಕೆ ತಪ್ಪು? ಅವಳ ಪ್ರೋಗ್ರಾಮ್ ಮೊದಲ ಅಕ್ಷರ ತೋರಿಸಿದ ಮೇಲೆ ಉಳಿದದ್ದನ್ನು ಪದ[1:] ಅಂತ ತೆಗೆದಿಟ್ಟುಕೊಂಡು, ಮುಂದಿನ ಸಲ ಆ ಉಳಿದದ್ದರಿಂದ [:1] ತೆಗೆಯುತ್ತಿತ್ತು. ಅಂದರೆ ಹೋಳಿನ ಹೋಳು. ಉಳಿದದ್ದನ್ನು ನಮ್ಮ ಗುಮಾಸ್ತ ಮಾಮೂಲಿ ಪದವಾಗಿ ಕೊಟ್ಟುಬಿಟ್ಟಿದ್ದ. ಮಾಮೂಲಿ ಪದಕ್ಕೆ ತೊಳೆ ಗೊತ್ತಿಲ್ಲ, ಚಾಕು ಮಾತ್ರ ಗೊತ್ತು. ‘ಳೆ’ಯ ಎತ್ವ ಕತ್ತರಿಸಿ ‘ಳ’ ಕೊಟ್ಟಿತು.

“ಅಂದ್ರೆ ಅಕ್ಷರಮಾಲೆಯ ಹೋಳೂ ಅಕ್ಷರಮಾಲೆನೇ ಆಗ್ಬೇಕು ತಾತ!” ಅಂತ ಎದ್ದು ನಿಂತಳು. ಅದೇ ಸಂಗತಿ. ಹೋಳನ್ನು ಅದೇ ಕ್ಲಾಸಿನ ಹೊಸ ವಸ್ತುವಾಗಿ ಕಟ್ಟಿ ಹಿಂತಿರುಗಿಸಬೇಕು. ಆಗ ಅದನ್ನು ಮತ್ತೆ ಎಷ್ಟು ಸಲ ಕೊಯ್ದರೂ ಅಕ್ಷರ ಒಡೆಯುವುದಿಲ್ಲ. ಪರದೆಯ ಮೇಲೆ ಬರೆಯುವ ಹೊತ್ತಿಗೆ ಮಾತ್ರ ತೊಳೆಗಳನ್ನು ಸೇರಿಸಿ ಪದ ಮಾಡುವುದಕ್ಕೆ ‘__ಎಸ್‌ಟಿಆರ್__’ ಅಂತ ಬೇರೊಬ್ಬ ಕೆಲಸಗಾರ. ಉದ್ದ ಎಷ್ಟು ಅಂತ ಕೇಳಿದರೆ ಹೇಳುವುದಕ್ಕೆ ‘__ಲೆನ್__’ ಅಂತ ಇನ್ನೊಬ್ಬ. ಅವನು ಬಂದದ್ದೇ ಚುಕ್ಕಿಗಳ ಲೆಕ್ಕವೂ ಸರಿಹೋಯಿತು, ‘ಹೊ’ ಆದ ಮೇಲೆ ಮೊದಲು ಹತ್ತು ಚುಕ್ಕಿ ಬರುತ್ತಿದ್ದಲ್ಲಿ ಈಗ ಆರು.

ಸಣ್ಣಪುಟ್ಟದ್ದು ಇನ್ನೂ ಇತ್ತು. ಅಕ್ಕ ಪದ ಮುಗಿದ ಮೇಲೂ ಗುಂಡಿ ಒತ್ತುತ್ತಲೇ ಹೋದರೆ? ಏಳು ಅಕ್ಷರದ ಪದಕ್ಕೆ ಪದ[:50] ಅಂದರೆ ಪೈಥಾನ್ ಸಿಟ್ಟಾಗುವುದಿಲ್ಲ, ಇರುವ ಏಳನ್ನು ಕೊಡುತ್ತದೆ. ಪದ[50] ಅಂದರೆ ಮಾತ್ರ ಅಂಥದ್ದೊಂದು ಇಲ್ಲ ಅಂತ ತಕರಾರು ತೆಗೆಯುತ್ತದೆ. ನಮ್ಮಲ್ಲೂ ತಿಂಗಳ ನಡುವೆ ಬಂದು ತಿಂಗಳ ಕೊನೆಯವರೆಗಿನ ಸ್ಟೇಟ್‌ಮೆಂಟ್ ಕೇಳಿದರೆ ಇರುವಷ್ಟು ಕೊಡುತ್ತಿದ್ದೆವು. ಒಳಗೆ ಲಿಸ್ಟ್ ಇಲ್ಲದೆ ಬೇರೆ ಏನಾದರೂ ಇಟ್ಟುಕೊಂಡು ಕ್ಲಾಸ್ ಮಾಡುವವರಿಗೆ ಚೀಟಿಯೇ ಒಂದು ಉಪಕಾರ ಮಾಡುತ್ತದೆ. ಅದರಲ್ಲಿ ‘ಇಂಡೈಸಸ್’ ಅನ್ನುವ ಸೌಲಭ್ಯವಿದೆ. ನಿನ್ನ ಉದ್ದ ಏಳು ಅಂತ ಹೇಳಿದರೆ ಖಾಲಿ ಕಾಲಂ ತುಂಬಿ, ಮೈನಸ್ ಇದ್ದರೆ ನೇರ ಮಾಡಿ, ಹೆಚ್ಚಾದದ್ದನ್ನು ಕತ್ತರಿಸಿ ಮೂರು ಶುದ್ಧ ಸಂಖ್ಯೆ ಕೈಗಿಡುತ್ತದೆ. [-2:] ಅನ್ನುವ ಚೀಟಿ ಏಳರ ಮುಂದೆ 5, 7, 1 ಆಗುತ್ತದೆ. ನಾನು ಗುಮಾಸ್ತನಾಗಿದ್ದಾಗ ಗಿರಾಕಿಗಳ ಚೀಟಿ ಹೀಗೆ ತಾನೇ ತುಂಬಿಕೊಳ್ಳುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮಲಗುವ ಮೊದಲು ಮೊಮ್ಮಗಳು ಒಂದು ಆಟವಾಡಿದಳು. ‘ನವಜೀವನ’ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಅಲ್ಲವೇ. ಮಾಮೂಲಿ ಪದಕ್ಕೆ [::-1] ಹಾಕಿದಳು, ‘ನವೀಜವನ’ ಅಂತ ಬಂತು. ಅಕ್ಷರಮಾಲೆಗೆ ಹಾಕಿದಳು, ‘ನವಜೀವನ’. ಮದ್ರಾಸಿನ ಸಿದ್ರಾಮನನ್ನೂ ತಿರುಗಿಸಿ ನೋಡಿ ನಕ್ಕಳು. ಮಕ್ಕಳೇ, ನೀವು ಕಂಪ್ಯೂಟರಿಲ್ಲದೆಯೂ ಇದನ್ನು ಆಡಬಹುದು. ಸಕಲೇಶಪುರ, ಅರಸೀಕೆರೆ, ಬೇಲೂರು, ಆಲೂರು: ಇವು ನಿಮಗೆ ಎಷ್ಟೆಷ್ಟು ಅಕ್ಷರ, ಗುರುತುಗಳನ್ನೂ ಬೇರೆ ಎಣಿಸುವ ಕಂಪ್ಯೂಟರಿಗೆ ಎಷ್ಟೆಷ್ಟು? ಮೊದಲನೆಯದಕ್ಕೆ ಆರು ಮತ್ತು ಎಂಟು, ಉಳಿದದ್ದು ನಿಮಗೆ. ಮನೆಯಲ್ಲಿ ಅಜ್ಜಿಯ ಹೆಸರಿಗೂ ಮಾಡಿ ನೋಡಿ, ಅಜ್ಜಿಯರ ಹೆಸರುಗಳಲ್ಲಿ ಒತ್ತು ಜಾಸ್ತಿ.

ಮುಂದಿನ ಭಾನುವಾರ ಮತ್ತೆ ಹೊಳೆನರಸೀಪುರಕ್ಕೆ ಹೋದೆವು. ಅಕ್ಕ ಟ್ಯಾಬ್ ನೋಡಿದ ಕೂಡಲೇ ಬೇಡ ಅನ್ನುವ ಹಾಗೆ ಕೈ ಅಲ್ಲಾಡಿಸಿದಳು. ಕಾಫಿಯಾದ ಮೇಲೆ ಮೊಮ್ಮಗಳು ಅವಳ ಪಕ್ಕ ಕೂತು ಏನೂ ಮಾತಾಡದೆ ಹೊಳೆಯ ಫೋಟೋ ಮುಂದಿಟ್ಟಳು. ಒಂದೆರಡು ನಿಮಿಷ ಬಿಟ್ಟು ಅಕ್ಕ ತಾನೇ ಒತ್ತಿದಳು. ‘ಹೊ’. ತುಟಿ ದುಂಡಗೆ ಮಾಡಿದಳು, ಶಬ್ದ ಬರಲಿಲ್ಲ. ಗೋಡೆ ಗಡಿಯಾರದ ಸದ್ದು ನನಗೆ ಕೇಳಿಸುತ್ತಿತ್ತು. ನಾನು ಬಾಯಿ ತೆರೆಯುವುದರಲ್ಲಿದ್ದೆ, ಮೊಮ್ಮಗಳು ನನ್ನ ಕೈ ಹಿಡಿದಳು. ಅಕ್ಕ ಮತ್ತೆ ಒತ್ತಿದಳು. ‘ಹೊಳೆ’.

“ಹೊಳೆ… ಹೊಳೆನರ್ಸೀಪುರ” ಅಂದಳು.

ಎಲ್ಲ ಪದಕ್ಕೂ ಹೀಗಾಗಲಿಲ್ಲ, ಅದನ್ನೂ ಹೇಳಬೇಕು. ಹಾಸನ ಬಂತು. ಅರಕಲಗೂಡು ಆರನೆಯ ಅಕ್ಷರ ತೋರಿಸಿದ ಮೇಲೂ ಬರಲಿಲ್ಲ, ಅವಳು ಹುಟ್ಟಿದ ತಾಲ್ಲೂಕು ಅದು. ಚಮಚ ಬಂತು, ತಟ್ಟೆ ಬರಲಿಲ್ಲ. ಸುಸ್ತಾಗಿ ಕಣ್ಣು ಮುಚ್ಚಿಕೊಂಡಳು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ ಅಂತ ಆ ಹುಡುಗಿ ಹೇಳಿದ್ದು ನೆನಪಾಗಿ ಮುಚ್ಚಿಟ್ಟೆವು.

ಹೊರಡುವಾಗ ಅಕ್ಕ ಟ್ಯಾಬ್ ಕಡೆ ಬೆರಳು ಮಾಡಿದಳು. ಇನ್ನೊಂದೇ ಒಂದು ಅನ್ನುವ ಹಾಗೆ. ನಮ್ಮ ಭಾವನ ಕಡೆಯವರೆಲ್ಲ ಇರುವ ಊರಿನ ಫೋಟೋ ಬಂತು. ಅಕ್ಕ ಗುಂಡಿ ಒತ್ತಿದಳು. ‘ಚ’, ಆಮೇಲೆ ಆರು ಚುಕ್ಕಿ. ಎರಡನೇ ಸಲ ಒತ್ತಲೇ ಇಲ್ಲ.

“ಚನ್ರಾಯ್ಪಟ್ಣ” ಅಂದಳು.

ಮೊಮ್ಮಗಳು ನನ್ನ ಮುಖ ನೋಡಿದಳು. “ತಾತ, ಪ್ರೋಗ್ರಾಮಲ್ಲಿ ಚನ್ನರಾಯಪಟ್ಟಣ ಅಂತಿದೆ. ಇದನ್ನ ಸರಿ ಅಂತ ಹಾಕ್ಲಾ, ತಪ್ಪು ಅಂತ ಹಾಕ್ಲಾ?”

“ಸರಿ ಅಂತ ಹಾಕು” ಅಂದೆ. “ಈ ಕಡೆ ಬಸ್ಸಿನ ಕಂಡಕ್ಟರೂ ಹಾಗೇ ಕೂಗೋದು.”